ಮೇವಿನ ಚಕ್ಕಡಿ ಹೋಗುವಷ್ಟು ಎತ್ತರ

ಗದ್ದಕ್ಕೆ ಕಟ್ಟಿದ್ದ ಬಟ್ಟೆ ಮತ್ತೆ ಸಡಿಲಾಗಿತ್ತು. ಸಿದ್ದಲಿಂಗವ್ವ ಗಂಡನ ರುಮಾಲು ಸರಿಸಿ, ನೆತ್ತಿಯ ಮೇಲಿನ ಗಂಟು ಬಿಚ್ಚಿ, ಬಿಗಿಯಾಗಿ ಎಳೆದು ಇನ್ನೊಮ್ಮೆ ಕಟ್ಟಿದಳು. ಸತ್ಯಪ್ಪನ ಬಾಯಿ ಮುಚ್ಚಿಕೊಂಡಿತು. ನಸುಕಿನಲ್ಲಿ ಜೀವ ಹೋದ ಕೂಡಲೇ ಕಾಲು ಮಡಿಸಿ ಗೋಡೆಗೆ ಒರಗಿಸಿ ಕೂರಿಸಿದ್ದರು. ದೇಹ ಈಗ ಹಾಗೆಯೇ ಸೆಟೆದುಕೊಂಡಿತ್ತು. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಮಾಲೆ. ಕೂತಾಗಲೂ ಆತನ ತಲೆ ಪಕ್ಕದಲ್ಲಿ ಕೂತವರಿಗಿಂತ ಮೊಳ ಮೇಲಿತ್ತು.

ಅಂಗಳದಲ್ಲಿ ಹೆಣ ಕೂರಿಸಿ ಒಯ್ಯುವ ವಿಮಾನಕ್ಕೆ ಬಿದಿರು ಕಡಿಯುತ್ತಿದ್ದ ಸದ್ದು ನಿಂತಿತು. ಮಗ ಕಲ್ಮೇಶ ಮೊಣಕಾಲವರೆಗೆ ರಾಡಿ ಮಾಡಿಕೊಂಡು ಬಾಗಿಲಲ್ಲಿ ಬಂದು ನಿಂತ. ಕೈಯಲ್ಲಿ ಉದ್ದನೆಯ ಗಳ ಇತ್ತು.

"ಯವ್ವಾ, ಹೊರಗ ಬಾ ಸ್ವಲ್ಪ."

"ಇಲ್ಲೇ ಹೇಳು. ನಿಮ್ಮಪ್ಪಗೇನು ಕೇಳಸ್ತೈತಿ?"

ಕಲ್ಮೇಶ ತಗ್ಗಿದ ದನಿಯಲ್ಲಿ ಹೇಳಿದ. "ಬ್ರಿಜ್ಜಿನ ಕೆಳಗ ಗಳಾ ಹಿಡದು ನೋಡಿ ಬಂದೆ. ವಿಮಾನ ಹಾಯಂಗಿಲ್ಲ. ಗೇಣು ಕಡಿಮಿ ಬೀಳತೈತಿ."

ಸಿದ್ದಲಿಂಗವ್ವ ಗಂಡನ ಮುಖ ನೋಡಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದಳು.

ಊರು ಹೆದ್ದಾರಿಯ ಈ ಕಡೆ, ರುದ್ರಭೂಮಿ ಆ ಕಡೆ. ಹಳೆಯ ಕಲ್ಲಿನ ಸೇತುವೆ ಇದ್ದಾಗ ರಸ್ತೆ ಊರ ನೆಲದ ಮಟ್ಟಕ್ಕೇ ಇತ್ತು. ಹೆಣ ಬಂದರೆ ಲಾರಿಗಳು ತಾವಾಗಿ ನಿಲ್ಲುತ್ತಿದ್ದವು. ಹಲಗೆ ಬಾರಿಸುತ್ತ ದಾಟಿಹೋಗುತ್ತಿದ್ದರು. ನಾಲ್ಕು ಸಾಲಿನ ಹೊಸ ರಸ್ತೆ ಬಂದ ಮೇಲೆ ಅದು ಮನೆಯ ಮಾಳಿಗೆಗಿಂತ ಎತ್ತರಕ್ಕೆ ಏರಿತು. ಎರಡೂ ಬದಿಗೆ ಕಬ್ಬಿಣದ ತಡೆ, ನಡುವೆ ಕಟ್ಟೆ. ದಾಟಬೇಕೆಂದರೆ ಹೊಸ ಸೇತುವೆಯ ಕೆಳಗೆ, ಹಳ್ಳದ ಪಕ್ಕ ಬಿಟ್ಟಿದ್ದ ದಾರಿಯೊಂದೇ. ಈ ವರ್ಷದ ಬೇಸಿಗೆಯಲ್ಲಿ ಸೇತುವೆ ಮುಗಿಯಿತು. ಮಳೆಗಾಲದಲ್ಲಿ ಹಳ್ಳ ಬಂದು ಆ ದಾರಿಯ ತುಂಬ ಹೂಳು ಬಿಟ್ಟುಹೋಯಿತು. ಕುರಿ ಹಾಯುತ್ತಿದ್ದವು, ಜನ ಹಾಯುತ್ತಿದ್ದರು. ಸತ್ತವರು ಹಾಯುವ ಪ್ರಸಂಗ ಬಂದಿರಲಿಲ್ಲ. ಸತ್ಯಪ್ಪನೇ ಮೊದಲನೆಯವನು.

ಅಂಗಳದಲ್ಲಿ ಬಾಳೆಕಂಬ ಕಟ್ಟಿ ನಿಲ್ಲಿಸಿದ್ದ ವಿಮಾನದ ಸುತ್ತ ಆಗಲೇ ಪಂಚಾಯಿತಿ ಕೂಡಿತ್ತು. ಸತ್ಯಪ್ಪನ ಚಿಕ್ಕಪ್ಪನ ಮಗ ಸೋಮಪ್ಪ, ಗ್ರಾಮ ಪಂಚಾಯತಿ ಮೆಂಬರು, ಬಿಳಿ ಅಂಗಿಯ ತೋಳು ಮಡಚಿ ಮಾತಾಡುತ್ತಿದ್ದ.

"ಮ್ಯಾಲಿಂದನ ದಾಟೂಣು. ನಾಕು ಹುಡುಗರು ಕೆಂಪು ವಸ್ತ್ರಾ ಹಿಡದು ಲಾರಿ ನಿಂದರಸ್ಲಿ."

"ಹೋದ ವಾರ ನನ್ನ ಎಮ್ಮಿ ಹಂಗ ದಾಟಾಕ ಹೋಗಿತ್ತು" ಎಂದ ಕುರಿ ಕಾಯುವ ಬೀರಪ್ಪ. "ಅದರ ಕೊಂಬ ಇನ್ನೂ ಸಿಕ್ಕಿಲ್ಲ."

ಯಾರೋ ನಕ್ಕು, ಕೂಡಲೇ ಕೆಮ್ಮಿದರು.

"ಮತ್ತ ಆ ಕಬ್ಬಿಣದ ತಡಿ ಮ್ಯಾಲ ಎತ್ತಿ ಇಳಸ್ಬೇಕು" ಎಂದ ಕಲ್ಮೇಶ. "ಅಪ್ಪ ವಾಲಿ ಬಿದ್ದರ?"

ಸತ್ಯಪ್ಪನ ಅಕ್ಕ ದೇವಕ್ಕ ಬೆಳಗಿನಿಂದ ಕಂಬಕ್ಕೆ ಆತು ಕೂತು ಹಾಡಿ ಹಾಡಿ ಅಳುತ್ತಿದ್ದಳು. ಈಗ ಅಳು ನಿಲ್ಲಿಸಿ ಕಣ್ಣೊರೆಸಿಕೊಂಡು, "ವಿಮಾನದ ತಲಿ ಕಡದು ಹಾಕ್ರಿ, ಬರೇ ಕುರ್ಚೆದಾಗ ಹೊತ್ಕೊಂಡು ಹೋಗ್ರಿ" ಎಂದಳು.

"ಕಡದರೂ ಹಾಯಂಗಿಲ್ಲ ಅತ್ತಿ. ವಿಮಾನಕ್ಕಿಂತ ಅಪ್ಪನ ತಲೀನ ಅಡ್ಡ ಆಗತೈತಿ."

"ಹಂಗಾರ ಹಿಂದಕ್ಕ ಮಣಿಸಿ ಒಯ್ರಿ."

"ಮಣಿಯಂಗಿಲ್ಲ" ಎಂದಳು ಸಿದ್ದಲಿಂಗವ್ವ. ಎಲ್ಲರೂ ತಿರುಗಿ ನೋಡಿದರು. "ಸೆಟದಾರ. ಮಣಿಸಾಕ ಹೋದರ ಎಲುಬು ಮುರೀತಾವ."

ದೇವಕ್ಕ ಮತ್ತೆ ಅಳತೊಡಗಿದಳು. ಸೋಮಪ್ಪ ತಲೆ ಕೊಡವಿದ. "ವೈನಿ, ಸಿಟ್ಟಾಗಬ್ಯಾಡ್ರಿ. ಅವತ್ತ ಕಿತ್ತೂರಾಗ ಸಾಹೇಬರು ಕೇಳಿದಾಗ ಅಣ್ಣ ಒಂದ ಮಾತು ರುದ್ರಭೂಮಿ ಅಂದಿದ್ದರ ಇವತ್ತ ಈ ತ್ರಾಸ ಇರತಿದ್ದಿಲ್ಲ. ತನ್ನ ಚಕ್ಕಡಿದಷ್ಟ ಕೇಳಿ ಕುಂತ. ಈಗ ಚಕ್ಕಡೀನೂ ಇಲ್ಲ, ಎತ್ತೂ ಇಲ್ಲ."

ನಾಲ್ಕು ವರ್ಷದಿಂದ ಊರಿನಲ್ಲಿ ಓಡಾಡುತ್ತಿದ್ದ ಮಾತೇ ಅದು. ಸತ್ಯಪ್ಪ ಬದುಕಿದ್ದಾಗ ಕಟ್ಟೆಯ ಮೇಲೆ ಎದುರಿಗೇ ಆಡಿದ್ದರು. ಇವತ್ತೂ ಆಡಿದರು, ಅಷ್ಟೇ.

*

ಎರಡು ಸಾವಿರದ ಒಂದನೇ ಇಸವಿ, ಶ್ರಾವಣ. ರಸ್ತೆಯವರು ಕಿತ್ತೂರಿನಲ್ಲಿ ಸಭೆ ಕರೆದಿದ್ದರು. ಹಳೆಯ ಸೇತುವೆ ಒಡೆದು ಹೊಸದು ಕಟ್ಟುತ್ತೇವೆ, ಊರವರ ತಕರಾರು ಏನಿದ್ದರೂ ಬಂದು ಹೇಳಿ ಎಂದಿದ್ದರು. ಎರಡು ಟ್ರ್ಯಾಕ್ಟರ್ ತುಂಬ ಜನ ಹೋದರು. ಬಟ್ಟೆ ಒಗೆಯುವ ಕಲ್ಲುಗಳು ಹಾಳಾಗುತ್ತವೆಂದು ಹೇಳಲು ಹೆಂಗಸರನ್ನೂ ಕರೆದೊಯ್ದಿದ್ದರಿಂದ ಸಿದ್ದಲಿಂಗವ್ವನೂ ಹಿಂದಿನ ಸಾಲಿನಲ್ಲಿ ಕೂತಿದ್ದಳು.

ತಕರಾರು ಬೇಕಾದಷ್ಟಿದ್ದವು. ರಸ್ತೆಬದಿಯ ಹುಣಸೆಮರ ಕಡಿಯಬೇಡಿ ಎಂದರು. ಮಣ್ಣು ಸುರಿದು ಹಳ್ಳ ಮುಚ್ಚಬೇಡಿ, ಧೂಳು ಬಿದ್ದರೆ ಜೋಳ ತೆನೆ ಕಟ್ಟುವುದಿಲ್ಲ, ಬಸ್ಸು ಎಲ್ಲಿ ನಿಲ್ಲುತ್ತದೆ ಎಂದರು. ಕನ್ನಡಕದ ಎಂಜಿನಿಯರು ಎಲ್ಲವನ್ನೂ ಬರೆದುಕೊಂಡ. ಮರ ಉಳಿಯುವುದಿಲ್ಲ, ಒಂದಕ್ಕೆ ಎರಡು ನೆಡುತ್ತೇವೆ ಎಂದ. ಕೊನೆಗೆ, ಸೇತುವೆಯ ಕೆಳಗೆ ಜನ ತಲೆಹೊರೆ ಹೊತ್ತು ಓಡಾಡುವಷ್ಟು ದಾರಿ ಬಿಟ್ಟಿದ್ದೇವೆ, ಅದರ ಬಗ್ಗೆ ಏನಾದರೂ ಹೇಳುವುದಿದೆಯೇ ಎಂದು ಕೇಳಿದ.

ಸತ್ಯಪ್ಪ ಎದ್ದು ನಿಂತ. ಸಭೆಯಲ್ಲಿ ಮಾತಾಡುವ ಮನುಷ್ಯನಲ್ಲ. ನಾಲ್ಕು ಎಕರೆ ಜೋಳ, ಕಡಲೆ, ಸುಗ್ಗಿಯಲ್ಲಿ ಮಂದಿಯ ಮೇವು ಹೇರುವ ಬಾಡಿಗೆ ಚಕ್ಕಡಿ, ಇಷ್ಟೇ ಅವನ ಬದುಕು.

"ಸಾಹೇಬ್ರ, ನಮ್ಮ ಮಂದಿ ಸ..." ಎಂದವನು ತಡೆದ. ಮುಂದೆ ಕೂತಿದ್ದ ಹಿರಿಯರೊಬ್ಬರು ಅವನ ಧೋತರದ ಚುಂಗು ಹಿಡಿದು ಎಳೆದದ್ದು ಸಿದ್ದಲಿಂಗವ್ವನಿಗೆ ಕಂಡಿತು. ಅವರು ಏನೋ ಉಸುರಿದರು. ಸತ್ಯಪ್ಪ ಅತ್ತಿತ್ತ ನೋಡಿದ.

"ಹೇಳಿ ಯಜಮಾನ್ರೇ" ಎಂದ ಎಂಜಿನಿಯರು.

"ಮೇವಿನ ಚಕ್ಕಡಿ ಹೋಗಬೇಕ್ರಿ."

"ಎಷ್ಟು ಎತ್ತರ ಬರುತ್ತೆ ನಿಮ್ಮ ಚಕ್ಕಡಿ?"

"ಚಕ್ಕಡಿ ಮ್ಯಾಲ ನಾ ಎದ್ದು ನಿಂತರ ನನ್ನ ತಲಿ ಬಡೀಬಾರದ್ರಿ."

ಎಂಜಿನಿಯರು ಅವನನ್ನು ಕೆಳಗಿನಿಂದ ಮೇಲಕ್ಕೆ ನೋಡಿದ. ಸಭೆ ಘೊಳ್ಳೆಂದು ನಕ್ಕಿತು. ಸತ್ಯಪ್ಪ ಕೂರಲಿಲ್ಲ. ಎಂಜಿನಿಯರು ಅದನ್ನು ಬರೆದುಕೊಂಡ ಮೇಲೆಯೇ ಕೂತ.

ಹುಣಸೆಮರ ಹೋದವು, ಒಗೆಯುವ ಕಲ್ಲು ಹೋದವು. ಬಸ್ಸು ಈಗ ಅರ್ಧ ಮೈಲು ಆಚೆ ನಿಲ್ಲುತ್ತದೆ. ಊರು ಕೇಳಿದ್ದರಲ್ಲಿ ಸಿಕ್ಕದ್ದು ಚಕ್ಕಡಿಯ ಎತ್ತರ ಒಂದೇ. ಅದಕ್ಕೇ ಸಿಟ್ಟು ಅವನ ಮೇಲೆ ಬಿತ್ತು.

*

"ಸೋಮಪ್ಪಾ" ಎಂದಳು ಸಿದ್ದಲಿಂಗವ್ವ. "ಅವತ್ತ ನೀನೂ ಮುಂದಿನ ಸಾಲಿನ್ಯಾಗ ಇದ್ದಿ."

"ಇದ್ದೆ."

"ನಿನಗ್ಯಾಕ ಬರಲಿಲ್ಲ ರುದ್ರಭೂಮಿ ಅನ್ನೂ ಮಾತು?"

ಸೋಮಪ್ಪ ಅಂಗಿಯ ತೋಳು ಇನ್ನೊಂದು ಸುತ್ತು ಮಡಚಿದ.

"ನಾ ಹೇಳತೇನಿ. ಸ್ರಾವಣ ಸ್ವಾಮಾರ, ಕಾಯಿ ಒಡದು ಸಭಾ ಸುರು ಮಾಡಿದ್ರಿ. ಹೆಣದ ಮಾತು ತಗದರ ಯಾರ ಮನಿ ಹೆಣ ಮೊದಲ ಬೀಳತೈತೋ ಅಂತ ಎಲ್ಲಾರಿಗೂ ಅಂಜಿಕಿ. ಇವರು ತಗಿಯಾಕ ಹೋದರ ಧೋತರಾ ಜಗ್ಗಿ ಕುಂದ್ರಸಾಕ ನೋಡಿದ್ರಿ. ಮರುದಿನ ಹಾಲ ಹಿಂಡಾಕ ಕುಂತಾಗ ನನಗ ಹೇಳಿದ್ರು. 'ಸಿದ್ಲಿಂಗಿ, ಹೆಣಾ ಅನ್ನಾಕ ಬಿಡಲಿಲ್ಲ, ಮೇವು ಅಂದೆ. ನಮ್ಮನ್ನ ಕುಂದ್ರಿಸಿ ಒಯ್ಯೂದು ಆ ಎಂಜಿನೇರ ಹುಡುಗಗ ಗೊತ್ತಿರಾಕಿಲ್ಲ, ಮಲಗಿಸಿ ಒಯ್ತಾರ ಅಂತ ತಿಳದಾನ' ಅಂದ್ರು. ಅಷ್ಟ. ಆಮ್ಯಾಲ ಮತ್ತ ಆ ಮಾತು ತಗೀಲಿಲ್ಲ."

"ಹಂಗಾರ ಯಾರಿಗರೇ ಹೇಳಬಾರದಿತ್ತಾ ಅಣ್ಣ?" ಸೋಮಪ್ಪನ ದನಿ ತಗ್ಗಿತ್ತು. "ನಾವು ಅಷ್ಟ ಅಂದ್ವಿ ಆಂವಗ."

"ಹೇಳಿದ್ದರ ಏನಂತಿದ್ರಿ? ಸಾವು ಕರಿಯಾಕ ಹತ್ಯಾನ ಅಂತಿದ್ರಿ. ಚಕ್ಕಡಿ ಆಸೆಬುರುಕ ಅನ್ನಿಸ್ಕೊಳ್ಳೂದ ಚಲೋ ಅಂತ ಸುಮ್ಮನಾದ್ರು."

ಹಲಗೆಯವರು ಹಲಗೆ ಕಾಸುತ್ತಿದ್ದ ಬೆಂಕಿ ಚಟಪಟ ಎನ್ನುತ್ತಿತ್ತು.

"ಎತ್ತರ ಐತಿ" ಎಂದಳು ಸಿದ್ದಲಿಂಗವ್ವ. "ನೆಲಾ ತುಂಬೇತಿ. ತಗೀರಿ ಅದನ್ನ."

"ಹೂಳು ತಗಿಯೂದು ರಸ್ತೆದವರ ಕೆಲಸ ವೈನಿ. ನಾ ಎರಡು ಅರ್ಜಿ ಕೊಟ್ಟೇನಿ..."

ದೇವಕ್ಕ ಮತ್ತೆ ಅಳು ನಿಲ್ಲಿಸಿದಳು. "ಅರ್ಜಿ ಕೊಟ್ಕೋಂತ ಕುಂದ್ರೋ ಮೆಂಬರಾ. ನನ್ನ ತಮ್ಮಗ ಇಲ್ಲೇ ಹುಳಾ ಹತ್ತಲಿ."

ಬೀರಪ್ಪ, ಕುಣಿ ತೋಡಿ ಬಂದವರು ಗೋಡೆಗೆ ಆನಿಸಿದ್ದ ಸಲಿಕೆ ಎತ್ತಿಕೊಂಡು ನಡೆದ. ಅವನ ಹಿಂದೆ ಕಲ್ಮೇಶ. ಆಮೇಲೆ ಒಬ್ಬೊಬ್ಬರಾಗಿ ಬುಟ್ಟಿ, ಗುದ್ದಲಿ ಹಿಡಿದು ಹೊರಟರು. ಕೊನೆಗೆ ಸೋಮಪ್ಪನೂ ಬಿಳಿ ಅಂಗಿ ಬಿಚ್ಚಿ ಅಂಗಳದ ತಂತಿಗೆ ಹಾಕಿ, ಬನಿಯನ್ನಿನ ಮೇಲೆಯೇ ಹೋದ.

ಸಿದ್ದಲಿಂಗವ್ವ ಒಳಗೆ ಬಂದು ಗಂಡನ ಪಕ್ಕ ಕೂತಳು. ವರ್ಷದ ಹಿಂದೆ ಲಕ್ವಾ ಹೊಡೆದಾಗಿನಿಂದ ಹೀಗೆ ಸುಮ್ಮನೆ ಪಕ್ಕದಲ್ಲಿ ಕೂತದ್ದೇ ಇಲ್ಲ. ಎತ್ತುವುದು, ಹೊರಳಿಸುವುದು, ತೊಳೆಯುವುದು. ಅಷ್ಟು ಉದ್ದದ ಗಂಡಸನ್ನು ಒಬ್ಬಳೇ ಹೊರಳಿಸಬೇಕಾಗುತ್ತಿತ್ತು. ರಾತ್ರಿ ಅವನು ಗೊರ ಗೊರ ಅಂದರೆ ಏಳಬೇಕು, ಅನ್ನದಿದ್ದರೆ ಹೆದರಿ ಏಳಬೇಕು. ಬೆಳಿಗ್ಗೆಯಿಂದ ಬಂದವರೆಲ್ಲ "ಪಾರಾದ ಬಿಡವ್ವಾ" ಎಂದಿದ್ದರು. ಯಾರು ಪಾರಾದರು ಎಂದು ಅವಳು ಕೇಳಲಿಲ್ಲ. ಅವಳಿಗೆ ಇನ್ನೂ ಆ ಸೇತುವೆ ಉಳಿದಿತ್ತು.

*

ಹೊತ್ತು ನೆತ್ತಿಯಿಂದ ಇಳಿದ ಮೇಲೆ ಕಲ್ಮೇಶ ಓಡುತ್ತ ಬಂದ. ಹೂಳಿನ ಕೆಳಗೆ ಕಾಂಕ್ರೀಟಿನ ನೆಲ ಸಿಕ್ಕಿದೆ ಎಂದ. ಪೂಜೆಗೆ ಬಂದಿದ್ದ ಅಯ್ಯನವರು ಬಿಲ್ವಪತ್ರಿ ಏರಿಸಿದರು. ಮನೆಯ ಹೊಸ್ತಿಲು ದಾಟುವಾಗಲೆಲ್ಲ ತಲೆ ಬಗ್ಗಿಸುತ್ತಿದ್ದ ಸತ್ಯಪ್ಪನನ್ನು ಇವತ್ತು ಹೊತ್ತವರೇ ಬಗ್ಗಿ ಹೊರಗೆ ತಂದರು. ಅಂಗಳದ ವಿಮಾನದಲ್ಲಿ ಕೂರಿಸಿ ಎದೆಗೂ ಸೊಂಟಕ್ಕೂ ಶಲ್ಯ ಬಿಗಿದರು. ಹಲಗೆಯವರು ಬಾರಿಸತೊಡಗಿದರು.

ಸೇತುವೆಯ ಬಾಯಿಗೆ ಬಂದಾಗ ಹಲಗೆ ತಾನಾಗಿ ನಿಂತಿತು. ಎರಡೂ ಬದಿಗೆ ಎತ್ತಿ ಹಾಕಿದ ಹಸಿ ಹೂಳಿನ ಗುಡ್ಡೆ. ರಾಡಿಯಲ್ಲಿ ಮಿಂದ ಗಂಡಸರು ಬುಟ್ಟಿ ಹಿಡಿದು ಗೋಡೆಗೆ ಆತು ನಿಂತಿದ್ದರು. ಬೀರಪ್ಪ ಮುಂದೆ ನಿಂತು ಛಾವಣಿ ನೋಡುತ್ತ ಹಿಂದುಹಿಂದಕ್ಕೆ ಹೆಜ್ಜೆ ಹಾಕಿದ.

"ಬರ್ರಿ... ಬರ್ರಿ... ಎಡಕ್ಕ ಸ್ವಲ್ಪ. ಹೋಲ್ಡಾನ್."

ವಿಮಾನ ನಿಂತಿತು. ಸಿದ್ದಲಿಂಗವ್ವ ಕತ್ತೆತ್ತಿ ನೋಡಿದಳು. ಬಾಳೆಯ ಸುಳಿ ಕಾಂಕ್ರೀಟಿಗೆ ತಾಗಿ ಬಾಗಿತ್ತು. ಅದರ ಕೆಳಗೆ, ಬೊಗಸೆಯಷ್ಟು ಗಾಳಿ ಬಿಟ್ಟು, ಸತ್ಯಪ್ಪನ ರುಮಾಲು ನೆಟ್ಟಗಿತ್ತು.

"ತಲಿ?" ಎಂದ ಹೊತ್ತಿದ್ದ ಸೋಮಪ್ಪ. ಕೆಳಗಿನಿಂದ ಅವನಿಗೇನೂ ಕಾಣುತ್ತಿರಲಿಲ್ಲ. "ಅಣ್ಣನ ತಲಿ ಹ್ಯಾಂಗೈತಿ?"

"ಬಡಿಯಂಗಿಲ್ಲ" ಎಂದ ಬೀರಪ್ಪ. "ಹೂಂ, ರೈಟ್."

ಬಸ್ಸಿನ ಕಂಡಕ್ಟರನ ದನಿಯಲ್ಲಿ ಅವನು ಹಾಗೆಂದದ್ದು ಆ ಕಾಂಕ್ರೀಟಿನೊಳಗೆ ದೊಡ್ಡದಾಗಿ ಕೇಳಿಸಿತು. ಮೊದಲು ನಕ್ಕವಳು ದೇವಕ್ಕ. ಆಮೇಲೆ ಎಲ್ಲರೂ ನಕ್ಕರು. ಅಯ್ಯನವರೂ ನಕ್ಕರು. ಹೊತ್ತವರ ಹೆಗಲು ನಗುವಿಗೆ ಕುಲುಕಿ, ವಿಮಾನ ಒಂದಿಷ್ಟು ತೂಗಾಡುತ್ತ ಆ ಬದಿಯ ಬಿಸಿಲಿಗೆ ಹೊರಟಿತು. ಹಲಗೆಯವರು ಓಡಿ ಮುಂದೆ ಸೇರಿಕೊಂಡರು.

ಕುಣಿಯಲ್ಲಿ ಕೂರಿಸಿ, ಅಯ್ಯನವರು ತಲೆಯ ಮೇಲೆ ಪಾದವಿಟ್ಟು, ವಿಭೂತಿಗಟ್ಟಿ ಸುತ್ತ ಜೋಡಿಸಿದರು. ಸಿದ್ದಲಿಂಗವ್ವ ಮೂರು ಹಿಡಿ ಮಣ್ಣು ಹಾಕಿದಳು. ಅಳು ಬರಬಹುದೆಂದು ಕಾದಳು. ಬರಲಿಲ್ಲ. ಗಂಡಸರು ಹಳ್ಳದಲ್ಲಿ ಮೈ ತೊಳೆಯಲು ಇಳಿದಾಗ ಅವಳು ಒಬ್ಬಳೇ ಊರ ಕಡೆ ಹೊರಟಳು.

ಸೇತುವೆಯ ಕೆಳಗೆ ತಂಪಿತ್ತು. ಹೊಸದಾಗಿ ಬಯಲಾದ ನೆಲ ಇನ್ನೂ ಹಸಿಯಿತ್ತು. ಒಂದು ಗಳಿಗೆ ಕೂತು ಹೋದರಾಯಿತು ಎಂದು ಗೋಡೆಗೆ ಬೆನ್ನು ಕೊಟ್ಟಳು, ಎರಡೂ ಕಾಲು ಉದ್ದಕ್ಕೆ ಚಾಚಿದಳು. ಮಣ್ಣು ಮೆತ್ತಿದ ಅಂಗೈ ಮಡಿಲಲ್ಲಿ ಬಿಚ್ಚಿಕೊಂಡಿತು.

ಗಂಡಸರು ಒದ್ದೆ ಧೋತರ ಹಿಂಡಿಕೊಳ್ಳುತ್ತ, ಮಾತಾಡುತ್ತ ಬಂದರು. ಎಲ್ಲರಿಗಿಂತ ಮುಂದಿದ್ದ ಸೋಮಪ್ಪ ತಟ್ಟನೆ ನಿಂತು ಹಿಂದಿನವರಿಗೆ ಕೈ ಅಡ್ಡ ಹಿಡಿದ. ಸಿದ್ದಲಿಂಗವ್ವನ ತಲೆ ಹೆಗಲಿಗೆ ವಾಲಿತ್ತು, ಬಾಯಿ ತೆರೆದಿತ್ತು. ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು.

"ಎಬ್ಬಸ್ಲೇನು?" ಎಂದ ಕಲ್ಮೇಶ.

"ಸುಮ್ಮನಿರು" ಎಂದಳು ಅವರ ಹಿಂದೆಯೇ ಬಂದಿದ್ದ ದೇವಕ್ಕ.

ಸೋಮಪ್ಪ ಬಗ್ಗಿ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದುಕೊಂಡ. ಹಿಂದಿನವರೂ ಕಳಚಿದರು. ಚಾಚಿದ ಕಾಲುಗಳನ್ನು ಬಳಸಿ, ಗೋಡೆಯ ಆ ಬದಿಗೆ ಒತ್ತಿಕೊಂಡು, ಊರಿನ ಗಂಡಸರೆಲ್ಲ ಒಬ್ಬರ ಹಿಂದೊಬ್ಬರು ತುದಿಗಾಲಿನಲ್ಲಿ ದಾಟಿದರು. ಮೇಲೆ ಪುಣೆಯ ಲಾರಿಗಳು ಗುಡುಗುಡು ಸದ್ದು ಮಾಡುತ್ತ ಹೋಗುತ್ತಿದ್ದವು.