ಮೇಸ್ತ್ರಿ ಮೂಸಿದ ಮೇಲೆ

ಮೇಸ್ತ್ರಿಯ ಶೆಡ್ಡಿನಲ್ಲಿ ಭಾನುವಾರ ಮೀನು ಹುರಿಯುವುದಕ್ಕೆ ಒಂದು ಕ್ರಮವಿತ್ತು. ಮೀನು ತರುವವನು ಕಂಡಕ್ಟರ್. ಬಸ್ಸಿನ ಕೆಲಸದಿಂದ ನಿವೃತ್ತನಾಗಿ ವರ್ಷಗಳೇ ಕಳೆದಿದ್ದರೂ ಅವನ ಗಂಟಲು ಇನ್ನೂ ನಿವೃತ್ತಿ ಪಡೆದಿರಲಿಲ್ಲ. ಬೀದಿಯ ತಿರುವಿನಿಂದಲೇ "ಬಂತು ಬಂತು, ದಾರಿ ಬಿಡಿ" ಎಂದು ಚೀಲ ಎತ್ತಿ ಹಿಡಿದು ಬರುತ್ತಿದ್ದ. ಮೀನು ಕತ್ತರಿಸುವವನು ಟೈಲರ್. ಬಟ್ಟೆಯ ಮೇಲೆ ಪಳಗಿದ ಕೈಯಾದ್ದರಿಂದ ತುಂಡುಗಳೆಲ್ಲ ಒಂದೇ ಅಳತೆಗೆ ಬೀಳುತ್ತಿದ್ದವು. ಹುರಿಯುವವನು ಮೇಸ್ತ್ರಿ. ಆದರೆ ಕತ್ತಿಯ ಬಾಯಿಗೆ ಹೋಗುವ ಮೊದಲು ಪ್ರತಿ ಮೀನೂ ಮೇಸ್ತ್ರಿಯ ಮೂಗಿನ ಮುಂದೆ ಹಾಜರಾಗಬೇಕು. ಅವನು ಕಣ್ಣು ಮುಚ್ಚಿ, ಮೂಸಿ, "ಹೂಂ" ಅನ್ನಬೇಕು. ಹೂಂ ಅನ್ನದ ಮೀನು ಬೀದಿ ಬೆಕ್ಕಿನ ಪಾಲು. ಅದರ ಮೇಲೆ ಅಪೀಲು ಇರಲಿಲ್ಲ.

ಕಾರುಗಳಿಗೂ ಅಲ್ಲಿ ಅದೇ ಕಾನೂನು. ಮೇಸ್ತ್ರಿ ಜೀವಮಾನವೆಲ್ಲ ಕಾರು ರಿಪೇರಿ ಮಾಡಿದವನು. ವಯಸ್ಸಾಯಿತೆಂದು ಹೊಸ ಗಾಡಿಗಳನ್ನು ಬಿಟ್ಟು, ಮನೆಗೆ ತಾಗಿಕೊಂಡ ಶೆಡ್ಡಿನಲ್ಲಿ ಈಗ ಹಳೇ ಕಾರುಗಳನ್ನಷ್ಟೇ ನೋಡುತ್ತಿದ್ದ. ಬಾನೆಟ್ ಎತ್ತಿ, ತಲೆ ಒಳಗೆ ಹಾಕಿ ಒಮ್ಮೆ ಉಸಿರೆಳೆದುಕೊಂಡರೆ ಸಾಕು, ಕ್ಲಚ್ ಸುಡುತ್ತಿದೆಯೋ, ಎಣ್ಣೆ ಸೋರುತ್ತಿದೆಯೋ, ವೈರಿನ ಮೈ ಕರಗುತ್ತಿದೆಯೋ ಹೇಳಿಬಿಡುತ್ತಿದ್ದ. ಹಳೇ ಕಾರು ಕೊಳ್ಳುವವರು ಬೆಲೆ ಕೇಳುವುದಕ್ಕೂ ಮೊದಲು "ಮೇಸ್ತ್ರಿ ಮೂಸಿದ್ದಾನಾ?" ಎಂದು ಕೇಳುತ್ತಿದ್ದರು. ಈ ಮಾತು ಕಿವಿಗೆ ಬಿದ್ದಾಗಲೆಲ್ಲ ಅವನು ಏನೂ ಕೇಳಿಸದವನಂತೆ ಸ್ಪ್ಯಾನರ್ ಒರೆಸುತ್ತ ನಿಲ್ಲುತ್ತಿದ್ದ. ಜಂಬವಿಲ್ಲದ ಮನುಷ್ಯ ಎಂದು ಜನ ತಿಳಿದಿದ್ದರು. ಜಂಬ ಹೊಟ್ಟೆ ತುಂಬ ಇತ್ತು.

ಆ ಮೂಗು ಈಗ ಕೈಕೊಟ್ಟಿತ್ತು. ಚಳಿಗಾಲದಲ್ಲಿ ಹಿಡಿದ ಜ್ವರ ಹೋಗುವಾಗ ಅದನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ಮೊದಲಿಗೆ ಶೀತ ಇಳಿದರೆ ಸರಿಹೋಗುತ್ತದೆ ಎಂದುಕೊಂಡ. ಶೀತ ಇಳಿಯಿತು, ವಾಸನೆ ಬರಲಿಲ್ಲ. ಸೋಪು ಮೂಸಿದ, ಸೀಮೆಎಣ್ಣೆ ಮೂಸಿದ, ಯಾರೂ ನೋಡದಾಗ ತನ್ನ ಬನಿಯನ್ನನ್ನೇ ಮೂಸಿದ. ಎಲ್ಲವೂ ನೀರಿನ ಹಾಗೆ. ಒಂದು ಬೆಳಿಗ್ಗೆ ಒಲೆಯ ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದಾಗ ಹಾಲು ಸೀದು ತಳ ಕಪ್ಪಾಯಿತು. "ಪೇಪರಿಗೆ ತಲೆ ಕೊಟ್ಟು ಕೂತ್ರೆ ಇನ್ನೇನಾಗತ್ತೆ?" ಎಂದು ಹೆಂಡತಿ ಬೈದಳು. ಪೇಪರಿನ ಮೇಲೆ ತಪ್ಪು ಹೋಯಿತಲ್ಲ ಎಂದು ಅವನಿಗೆ ಸಮಾಧಾನವೇ ಆಯಿತು.

ಯಾರಿಗೂ ಹೇಳಿರಲಿಲ್ಲ. ಮೂಗಿಲ್ಲದ ಮೇಸ್ತ್ರಿಯ ಹತ್ತಿರ ಯಾರು ಬರುತ್ತಾರೆ ಎಂಬ ಹೆದರಿಕೆ ಒಂದು ಕಡೆ. ಕಾರಿನವರು ಬರದಿದ್ದರೆ ಹಾಳಾಗಿ ಹೋಗಲಿ, ಈ ಇಬ್ಬರು? ಕಂಡಕ್ಟರಿಗೂ ಟೈಲರಿಗೂ ತಾನು ಬೇಕಾಗಿರುವುದು ಈ ಮೂಗಿನಿಂದಲೇ ಎಂದು ಅವನಿಗೆ ಯಾಕೋ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಹಾಗಾಗಿ ಕಣ್ಣಿನಿಂದ ಕೆಲಸ ನಡೆಸುತ್ತಿದ್ದ. ಮೀನಿನ ಕಿವಿರು ಎತ್ತಿ ಕೆಂಪು ನೋಡುವುದು, ಕಾರಿನಲ್ಲಿ ಒದ್ದೆ ಜಾಗ ಹುಡುಕುವುದು, ಆಮೇಲೆ ಕಣ್ಣು ಮುಚ್ಚಿ ಮೂಸಿದಂತೆ ಮಾಡಿ "ಹೂಂ" ಅನ್ನುವುದು. ನಾಟಕದವರೂ ಇಷ್ಟು ಚೆನ್ನಾಗಿ ಮಾಡಲಾರರು.

ಆ ಭಾನುವಾರವೂ ಹೆಂಡತಿ ಎಂದಿನಂತೆ "ನಿಮ್ಮ ಹೊಗೆ ನಿಮಗೇ ಇರ್ಲಿ" ಎಂದು ತಂಗಿಯ ಮನೆಗೆ ಹೊರಟುಹೋಗಿದ್ದಳು. ಟೈಲರ್ ತನ್ನ ತಿಳಿಹಸಿರು ಬಣ್ಣದ ಕಾರನ್ನು ತಂದು ಶೆಡ್ಡಿನ ಮುಂದೆ ನಿಲ್ಲಿಸಿದ್ದ. ಮಾವ ತೀರಿಕೊಂಡ ಮೇಲೆ ಇವನ ಪಾಲಿಗೆ ಬಂದ ಕಾರು ಅದು. ದುಂಡು ಹೆಡ್‌ಲೈಟು, ಬಾಗಿಲು ಹಾಕಿದರೆ ಬೀರುವಿನ ಬಾಗಿಲು ಹಾಕಿದಂಥ ಸದ್ದು. ಸೀಟಿನ ಕವರುಗಳನ್ನು ಟೈಲರ್ ತಾನೇ ಹೊಲಿದಿದ್ದ, ಕೋಟಿಗೆ ಹಾಕುವ ಹೊಲಿಗೆಯನ್ನೇ ಹಾಕಿದ್ದ.

"ಈಗಿನವೂ ಕಾರುಗಳೇನೋ?" ಎಂದ ಕಂಡಕ್ಟರ್, ಸ್ಟೂಲಿನ ಮೇಲೆ ಕಾಲು ಮಡಿಸಿ ಕೂರುತ್ತ. "ಬೆರಳಲ್ಲಿ ಒತ್ತಿದ್ರೆ ಒಳಗೆ ಹೋಗತ್ತೆ. ಬಿಸ್ಕೆಟ್ ಡಬ್ಬ ವಾಸಿ."

"ನನ್ನ ಬಂಪರ್ ಮೇಲೆ ನಿಂತ್ಕೊಂಡು ನಮ್ಮನೆಯವಳು ಬಟ್ಟೆ ಒಣಗಿ ಹಾಕ್ತಾಳೆ, ಗೊತ್ತಾ?" ಎಂದ ಟೈಲರ್.

"ಅತ್ತಿಗೆ ನಿಂತ್ರೂ ಬಗ್ಗಲಿಲ್ಲ ಅಂದ್ರೆ ಅದು ಬಂಪರ್ ಅಲ್ಲ ಕಣಯ್ಯ, ಸೇತುವೆ."

"ಅವಳ ಮುಂದೆ ಹೇಳು ಈ ಮಾತನ್ನ."

"ನನಗೇನು ಹುಚ್ಚಾ?"

ಮೇಸ್ತ್ರಿ ನಗುತ್ತ ಮೀನುಗಳನ್ನು ಒಂದೊಂದಾಗಿ ಎತ್ತಿ ಕಿವಿರು ನೋಡಿದ. ಕೆಂಪಗಿದ್ದವು. ಮೂಗಿಗೆ ಹಿಡಿದು ಹೂಂ ಅಂದ. ಟೈಲರ್ ಕತ್ತರಿಸಿ ಕೊಟ್ಟ. ಉಪ್ಪು, ಖಾರದ ಪುಡಿ, ನಿಂಬೆರಸ ಸವರಿ ತಟ್ಟೆಯಲ್ಲಿ ಬಿಟ್ಟಾಯಿತು. ಅದು ನೆನೆಯುವ ಹೊತ್ತಿಗೆ ಕಾರಿನ ಸರದಿ.

"ನಾಳೆ ಬೆಳಿಗ್ಗೆ ಹೊರಡ್ತಾ ಇದೀವಿ," ಎಂದ ಟೈಲರ್. "ನಮ್ಮನೆಯವಳ ಅಕ್ಕನ ಊರಿಗೆ. ಇಡೀ ದಿನದ ದಾರಿ. ಮೊಮ್ಮಗನ್ನೂ ಕರ್ಕೊಂಡು ಹೋಗ್ತೀವಿ, ಅವನು ಆಗ್ಲೇ ಹಿಂದಿನ ಸೀಟಲ್ಲಿ ದಿಂಬು ಇಟ್ಟು ಜಾಗ ಹಿಡಿದಾಗಿದೆ. ಒಂದ್ಸಲ ಮೂಸಿ ಹೇಳಿಬಿಡು."

ಮೇಸ್ತ್ರಿ ಬಾನೆಟ್ ಎತ್ತಿದ. ಪೈಪುಗಳ ಮೇಲೆ ಬೆರಳಾಡಿಸಿದ. ಎಲ್ಲವೂ ಒಣಗಿತ್ತು. ಇಂಜಿನ್ ಕೆಳಗೆ ಬಗ್ಗಿ ನೆಲ ನೋಡಿದ, ಒಂದು ಹನಿಯೂ ಇಲ್ಲ. ಆಮೇಲೆ ಕಣ್ಣು ಮುಚ್ಚಿ, ಎಳೆದು ಮೂಸಿ, ತಲೆಯಾಡಿಸಿದ. "ಹೂಂ. ಏನೂ ತೊಂದ್ರೆ ಇಲ್ಲ. ಹೋಗ್ಬನ್ನಿ."

"ಏನೂ ವಾಸನೆ ಇಲ್ವಾ?"

"ಇಲ್ಲ ಅಂದ್ನಲ್ಲ."

ಟೈಲರ್ ಒಂದು ಗಳಿಗೆ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದು, ಆಮೇಲೆ ಬಂದು ಕೂತ. ಅವನ ಮುಖ ಸಪ್ಪಗಾದದ್ದನ್ನು ಮೇಸ್ತ್ರಿ ಕಂಡ. ಕಾರಿಗೇನೂ ಆಗಿಲ್ಲ ಎಂದರೆ ಮುಖ ಯಾಕೆ ಸಪ್ಪಗಾಗಬೇಕು ಎಂದು ಹೊಳೆಯಲಿಲ್ಲ.

ಬಾಣಲೆ ಕಾಯಿತು. ಮೊದಲ ತುಂಡುಗಳು ಎಣ್ಣೆಗೆ ಬಿದ್ದು ಚಟಪಟ ಎಂದವು. ಬಾಲದ ಕಡೆ ಗರಿಗರಿಯೋ ತಲೆಯ ಕಡೆ ರುಚಿಯೋ ಎಂಬ ಹಳೆಯ ಜಗಳ ಶುರುವಾಯಿತು. ಕಂಡಕ್ಟರ್ ತಲೆಯ ಪಕ್ಷ, ಟೈಲರ್ ಬಾಲದ ಪಕ್ಷ. ಮೀನನ್ನು ಒಂದೇ ಸಲ ಮಗುಚಬೇಕು, ಮತ್ತೆ ಮತ್ತೆ ಮಗುಚುವವನು ಮೀನಿನ ಶತ್ರು ಎಂದು ಮೇಸ್ತ್ರಿಯೂ ಎಂದಿನಂತೆ ತನ್ನ ಮಾತು ಸೇರಿಸಿದ. ಈಚೆಗೆ ಅವನ ಬಾಯಿಗೆ ತಲೆಯೂ ಒಂದೇ, ಬಾಲವೂ ಒಂದೇ, ಬರೀ ಉಪ್ಪು ಖಾರ ಎಂಬುದು ಬೇರೆ ಮಾತು.

"ಇವತ್ತಿನ ಮೀನು ಪರವಾಗಿಲ್ಲ," ಎಂದ ಕಂಡಕ್ಟರ್ ಒಂದು ತುಂಡು ಬಾಯಿಗೆ ಹಾಕಿಕೊಂಡು. ಆಮೇಲೆ ಯಾವತ್ತಿಲ್ಲದಂತೆ ದನಿ ತಗ್ಗಿಸಿದ. "ಹೇಳ್ತೀನಿ, ನಗಬೇಡಿ. ಹೋದ ವಾರ ನನ್ನ ತಟ್ಟೆಗೆ ಬಿದ್ದ ಮೀನು ನನಗೆ ಕೆಟ್ಟಿದೆ ಅನ್ನಿಸ್ತು. ನಾತ ಹೊಡೀತಿತ್ತು. ಮನೆಗೆ ಹೋಗಿ ಹೊಟ್ಟೆ ಕೆಟ್ಟು ಮಂಗಳವಾರದವರೆಗೂ ನೆಟ್ಟಗೆ ನಿಲ್ಲೋಕಾಗ್ಲಿಲ್ಲ."

"ಹೇಳ್ಬಾರದಾ ಮತ್ತೆ?" ಎಂದ ಟೈಲರ್.

"ಏನಂತ ಹೇಳ್ಲಿ? ಮೇಸ್ತ್ರಿ ಹೂಂ ಅಂದಿದ್ದ. ನನಗೇ ವಯಸ್ಸಾಯ್ತು, ಬಾಯಿ ಮೂಗು ಎರಡೂ ಕೆಟ್ಟಿವೆ ಅಂದ್ಕೊಂಡೆ."

ಟೈಲರ್ ಅಂಗಿಯ ಜೇಬಿಗೆ ಕೈಹಾಕಿ ಒಂದು ಪುಟ್ಟ ಸೀಸೆ ತೆಗೆದು ಸ್ಟೂಲಿನ ಮೇಲಿಟ್ಟ. "ನಿನಗೊಬ್ಬನಿಗೇ ಅಲ್ಲ. ನನ್ನದೂ ಅದೇ ಕತೆ. ಪ್ರಯಾಣಕ್ಕೆ ಅಂತ ಟ್ಯಾಂಕ್ ತುಂಬಿಸಿದ ದಿನದಿಂದ ಕಾರಲ್ಲಿ ಕೂತ್ರೆ ಸಾಕು, ಪೆಟ್ರೋಲ್ ವಾಸನೆ. ತಲೆನೋವು ಬರೋ ಅಷ್ಟು. ಮೊನ್ನೆ ಬುಧವಾರ ಇವನು ನನ್ನ ಪಕ್ಕದಲ್ಲೇ ಕೂತು ಪೇಟೆವರೆಗೂ ಬಂದ, ತುಟಿ ಬಿಚ್ಚಲಿಲ್ಲ. ಆಗ್ಲೇ ಗೊತ್ತಾಯ್ತು, ಕಾರಿಗಲ್ಲ, ನನಗೇ ಏನೋ ಆಗಿದೆ ಅಂತ. ಡಾಕ್ಟರ ಹತ್ರ ಹೋದೆ. ಈ ವಯಸ್ಸಲ್ಲಿ ಇಲ್ಲದ ವಾಸನೆ ಬರೋದುಂಟು ಅಂದ್ರು, ಈ ಡ್ರಾಪ್ಸ್ ಕೊಟ್ರು."

"ಕಡಿಮೆ ಆಯ್ತಾ?"

"ಎಲ್ಲಿ? ಈಗ ಕಾರು ತರೋವಾಗ್ಲೂ ಇತ್ತು. ಇವತ್ತಾದ್ರೂ ಇವನು ಹೌದು, ವಾಸನೆ ಇದೆ ಅಂತ ಹೇಳಿದ್ರೆ ನನ್ನ ಮೂಗು ಸರಿಯಿದೆ ಅಂತ ಆಗತ್ತೆ ಅಂತಿದ್ದೆ. ಇಲ್ಲ ಅಂದ್ಬಿಟ್ಟ." ಟೈಲರ್ ತಲೆ ಹಿಂದಕ್ಕೆ ವಾಲಿಸಿ ಎರಡೂ ಹೊಳ್ಳೆಗೆ ಔಷಧಿ ಬಿಟ್ಟುಕೊಂಡು ಸೊರ್ರೆಂದು ಎಳೆದ.

"ನಮ್ಮೂರಲ್ಲಿ ಗಟ್ಟಿ ಉಳಿದಿರೋದು ಇವನೊಬ್ಬನ ಮೂಗೇ," ಎಂದ ಕಂಡಕ್ಟರ್.

ಮೇಸ್ತ್ರಿ ಸಟ್ಟುಗ ಹಿಡಿದು ನಿಂತಲ್ಲೇ ನಿಂತಿದ್ದ. ತನ್ನ ಗುಟ್ಟು ತನ್ನೊಬ್ಬನ ಹೊಟ್ಟೆಯಲ್ಲಿದೆ, ಯಾರಿಗೂ ನಷ್ಟವಿಲ್ಲ ಎಂದು ತಿಳಿದಿದ್ದ. ಇಲ್ಲಿ ನೋಡಿದರೆ ಒಬ್ಬ ಹಾಳು ಮೀನು ತಿಂದು ಬಾಯಿ ಮುಚ್ಚಿಕೊಂಡಿದ್ದಾನೆ, ಇನ್ನೊಬ್ಬ ನೆಟ್ಟಗಿರುವ ಮೂಗಿಗೆ ಔಷಧಿ ಹಾಕಿಕೊಳ್ಳುತ್ತಿದ್ದಾನೆ. ಹೇಳಿಬಿಡಬೇಕು ಅನ್ನಿಸಿತು. ರಾತ್ರಿ ತಾನೇ ಅವನ ಮನೆಗೆ ಹೋಗಿ ಏನೋ ನೆಪ ಹೇಳಿ ಕಾರನ್ನು ಮತ್ತೆ ನೋಡಿದರಾಯಿತು, ಮರ್ಯಾದೆಯೂ ಉಳಿಯುತ್ತದೆ ಎಂದೂ ಅನ್ನಿಸಿತು. ನಾಚಿಕೆಗೇಡು, ಆ ಹೊತ್ತಿನಲ್ಲೂ ಮರ್ಯಾದೆಯ ಲೆಕ್ಕ.

ಅಷ್ಟರಲ್ಲಿ ಟೈಲರ್ ಎದ್ದ. "ನೆರಳು ಸರಿದಿದೆ, ಕಾರನ್ನ ಸ್ವಲ್ಪ ಹಿಂದಕ್ಕೆ ತಗೋತೀನಿ," ಎನ್ನುತ್ತ ಬಾಯಿಗೆ ಸಿಗರೇಟು ಸಿಕ್ಕಿಸಿಕೊಂಡು, ಬೆಂಕಿಪೊಟ್ಟಣ ತಡಕುತ್ತ ಬಾಗಿಲು ತೆಗೆದು ಒಳಗೆ ಕೂತ.

"ಹಚ್ಚಬೇಡ!" ಮೇಸ್ತ್ರಿ ಕಿರುಚಿದ ರಭಸಕ್ಕೆ ಕಂಡಕ್ಟರನ ತಟ್ಟೆ ಕೆಳಗೆ ಬಿತ್ತು. "ಹಚ್ಚಬೇಡ ಕಣೋ! ಕೆಳಗಿಳಿ! ಇಳಿ ಮೊದಲು!"

ಟೈಲರ್ ಕಡ್ಡಿ ಹಿಡಿದ ಕೈಯಲ್ಲೇ ಇಳಿದು ಬಂದ.

"ನನಗೆ ವಾಸನೆ ಬರಲ್ಲ," ಎಂದ ಮೇಸ್ತ್ರಿ. "ಆ ಜ್ವರ ಬಂದಾಗಿನಿಂದ ಏನೂ ಬರಲ್ಲ. ಮೀನೂ ಇಲ್ಲ, ಪೆಟ್ರೋಲೂ ಇಲ್ಲ. ಸುಮ್ನೆ ಹೂಂ ಅಂತಿದ್ದೆ."

"ತಮಾಷೆ ಮಾಡಬೇಡ," ಎಂದ ಕಂಡಕ್ಟರ್.

"ತಮಾಷೆ ಅಲ್ಲ. ನನ್ನ ಬೆನ್ನ ಹಿಂದೆ ಮೀನು ಸೀಯ್ತಾ ಇದ್ಯಾ ಈಗ?"

ಇಬ್ಬರೂ ಮುಖ ಮುಖ ನೋಡಿಕೊಂಡರು. "ಸೀಯ್ತಾ ಇರೋ ಹಾಗೆ ಅನ್ಸತ್ತೆ," ಎಂದ ಟೈಲರ್ ಮೆಲ್ಲಗೆ.

"ಅನ್ಸೋದಲ್ಲ! ಸೀಯ್ತಿದ್ಯೋ ಇಲ್ವೋ?"

"ಸೀದು ಇದ್ದಲಾಗಿದೆ ಕಣೋ!" ಎಂದು ಕಂಡಕ್ಟರ್ ಓಡಿಹೋಗಿ ಬಾಣಲೆ ಇಳಿಸಿ ಒಲೆ ಆರಿಸಿದ. ಆಮೇಲೆ ಅವನ ಗಂಟಲು ಪೂರ್ತಿ ತೆರೆಯಿತು. "ಆ ಹೊಲಸು ಮೀನು ತಿಂದು ನಾನು ಸತ್ತು ಬದುಕಿದೀನಲ್ಲೋ! ಮೂಸಿದವನ ಹಾಗೆ ಕಣ್ಣು ಬೇರೆ ಮುಚ್ತಿದ್ದೆ! ನಾಚ್ಕೆ ಆಗ್ಲಿಲ್ವಾ ನಿನಗೆ?" ಅವನು ಬೈದ ಬೈಗುಳಗಳನ್ನೆಲ್ಲ ಬರೆಯುವುದು ಬೇಡ. ಅಕ್ಕಪಕ್ಕದವರು ಕಿಟಕಿ ತೆಗೆದು ನೋಡಿದರು ಎಂದರೆ ಸಾಕು. ಮೇಸ್ತ್ರಿಗೆ ಆ ಬೈಗುಳ ಒಂದು ರೀತಿ ಹಗುರವೆನಿಸಿತು.

ಹಗುರವೆನಿಸದೇ ಇದ್ದದ್ದು ಟೈಲರನ ರೀತಿ. ಅವನು ಬೈಯಲಿಲ್ಲ. ಕೈಯಲ್ಲಿದ್ದ ಕಡ್ಡಿಯನ್ನು ಪೊಟ್ಟಣದೊಳಗೆ ಹಾಕಿ, ಮುಚ್ಚಿ, ಮತ್ತೆ ತೆಗೆದು, ಮತ್ತೆ ಮುಚ್ಚಿದ. "ಮಗೂನ ಹಿಂದೆ ಮಲಗಿಸ್ಕೊಂಡು ಹೋಗ್ತಿದ್ದೆ," ಎಂದ. ಅಷ್ಟೇ.

ಮೇಸ್ತ್ರಿ ಸ್ಪ್ಯಾನರುಗಳ ಡಬ್ಬ ತಂದು ಕಾರಿನ ಪಕ್ಕ ಇಟ್ಟ. "ಎಲ್ಲಿ ಜಾಸ್ತಿ ಇದೆ ನೋಡು," ಎಂದ. ಟೈಲರ್ ಬಾನೆಟ್ ಮೂಸಿದ, ಡ್ರೈವರ್ ಸೀಟು ಮೂಸಿದ, ಹಿಂದಿನ ಸೀಟಿನಲ್ಲಿ ಆ ದಿಂಬಿನ ಪಕ್ಕ ಮೂಗಿಟ್ಟು ಮುಖ ಕಿವುಚಿದ. ಡಿಕ್ಕಿ ತೆಗೆದವನೇ ಕೆಮ್ಮಿದ. "ಇಲ್ಲಿ."

ಡಿಕ್ಕಿಯ ಒಳ ಹಲಗೆ ಬಿಚ್ಚಿದರೆ, ಪೆಟ್ರೋಲ್ ಹಾಕುವ ಬಾಯಿಯಿಂದ ಟ್ಯಾಂಕಿಗೆ ಹೋಗುವ ದಪ್ಪ ರಬ್ಬರ್ ಪೈಪು ತಳಭಾಗದಲ್ಲಿ ಬಿರುಕುಬಿಟ್ಟಿತ್ತು. ಟ್ಯಾಂಕ್ ಅರ್ಧ ಇರುವಾಗ ತೊಂದರೆಯಿಲ್ಲ, ತುಂಬಿಸಿದರೆ ಅಲ್ಲಿಂದ ಜಿನುಗುತ್ತದೆ. ಮೊದಲಿನ ಮೂಗಾಗಿದ್ದರೆ ಗೇಟಿನ ಹತ್ತಿರವೇ ಹೇಳುತ್ತಿತ್ತು. ಮೇಸ್ತ್ರಿ ತನ್ನಲ್ಲಿದ್ದ ಹೊಸ ಪೈಪು ಕತ್ತರಿಸಿ ಹಾಕಿ, ಕ್ಲಿಪ್ಪು ಬಿಗಿದು, ಬಟ್ಟೆಯಿಂದ ಒರೆಸಿದ. ಗಾಳಿಯಾಡಲೆಂದು ಬಾಗಿಲುಗಳನ್ನೆಲ್ಲ ತೆರೆದಿಟ್ಟು ಬಹಳ ಹೊತ್ತು ಕಾದರು. ಆಮೇಲೆ ಟೈಲರ್ ಬಗ್ಗಿ ಮೂಸಿದ. ಮೂಸಿ, ಇಷ್ಟು ವರ್ಷದ ಅಭ್ಯಾಸ ನೋಡಿ, ಏನು ಅನ್ನುತ್ತೀಯ ಎಂಬಂತೆ ಮೇಸ್ತ್ರಿಯ ಮುಖ ನೋಡಿದ.

"ನನ್ನ ಮುಖ ಯಾಕೆ ನೋಡ್ತೀಯ? ನೀನೇ ಹೇಳ್ಬೇಕು."

"ಸ್ವಲ್ಪ ಇದೆ."

ಮೇಸ್ತ್ರಿಯ ಕಣ್ಣಿಗೆ ಎಲ್ಲವೂ ಒಣಗಿತ್ತು, ಬಿಗಿಯಾಗಿತ್ತು. ಇಲ್ಲ ಕಣೋ, ಸರಿಯಾಗಿದೆ ಎನ್ನಲು ಬಾಯಿ ತೆರೆದವನು ಮುಚ್ಚಿಕೊಂಡ. ಕ್ಲಿಪ್ಪು ಮತ್ತೆ ಬಿಚ್ಚಿದ. ಅದರಡಿಯಲ್ಲಿ ಹಳೇ ಪೈಪಿನ ಒಂದು ಚೂರು ಅಂಟಿಕೊಂಡು ಬಿಗಿಯಲು ಬಿಡದೆ ಕೂತಿತ್ತು. ಕೆರೆದು ತೆಗೆದು ಮತ್ತೆ ಬಿಗಿದ.

ಟೈಲರ್ ಕಾರು ತೆಗೆದುಕೊಂಡು ಹೋಗುವಾಗ ಬರುತ್ತೇನೆ ಎಂದೂ ಹೇಳಲಿಲ್ಲ. ಕಂಡಕ್ಟರ್ ಬೈದು ಬೈದು ದಣಿದು, ಸೀಯದೆ ಉಳಿದ ನಾಲ್ಕು ತುಂಡು ತಿಂದು ಹೋದ. ಇನ್ನು ಮುಂದಿನ ಭಾನುವಾರ ಯಾರೂ ಬರುವುದಿಲ್ಲ ಎಂದುಕೊಂಡ ಮೇಸ್ತ್ರಿ. ಹಾಸಿಗೆಯಲ್ಲಿ ಅದಕ್ಕಿಂತ ಹೆಚ್ಚಾಗಿ ಆ ಕ್ಲಿಪ್ಪು ಕಾಡಿತು. ಕಣ್ಣಿಗೆ ಕಾಣದ ಇನ್ನೊಂದು ಬಿರುಕಿದ್ದರೆ? ಕಣ್ಣು ಮುಚ್ಚಿದರೆ ಹಿಂದಿನ ಸೀಟಿನ ದಿಂಬು ಕಾಣುತ್ತಿತ್ತು. ಹೊರಳಾಡಿಯೇ ಬೆಳಗಾಯಿತು.

ಹೆಂಡತಿ ಇನ್ನೂ ಎದ್ದಿರಲಿಲ್ಲ, ಹೊರಗೆ ಹಾರ್ನ್ ಕೇಳಿತು. ಹೋಗಿ ನೋಡಿದರೆ ತಿಳಿಹಸಿರು ಕಾರು. ಟೈಲರನ ಮನೆಯಿಂದ ಹೆದ್ದಾರಿ ಆಚೆ ದಿಕ್ಕಿಗೆ, ಈ ಬೀದಿ ಅವರ ದಾರಿಯೇ ಅಲ್ಲ. ಮುಂದೆ ಅವನ ಹೆಂಡತಿ ಕೂತಿದ್ದಳು, ಹಿಂದೆ ಮಗು ಬಾಯಿ ತೆರೆದು ಮಲಗಿತ್ತು. ಟೈಲರ್ ಗಾಜು ಇಳಿಸಿದ.

"ಬೆಳಿಗ್ಗೆ ಎದ್ದು ನಾನೂ ಮೂಸಿದೆ, ಇವಳೂ ಮೂಸಿದ್ಲು," ಎಂದ. "ಏನೂ ಇಲ್ಲ. ನೀನು ನಿದ್ದೆ ಮಾಡಿರಲ್ಲ ಅಂತ ಗೊತ್ತಿತ್ತು, ಹೇಳಿ ಹೋಗೋಣ ಅಂತ ಈ ಕಡೆ ಬಂದೆ. ಹೋಗಿ ಮಲಗು."

ಮೇಸ್ತ್ರಿ ಬಾಗಿಲ ಮೇಲೆ ಕೈಯಿಟ್ಟು ತಲೆಯಾಡಿಸಿದ. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದು, ಒಳಗೆ ಹೋಗಿ ಮಲಗಿದ. ಹೆಂಡತಿ ಊಟಕ್ಕೆ ಕರೆದರೂ ಏಳದೆ ಗೊರಕೆ ಹೊಡೆಯುತ್ತಿದ್ದ.