ಹಿಂಬಾಗಿಲು ಮುಚ್ಚಿದ ದಿನ

ಚರಿತ್ರೆ ಬರೆಯುವವರು ಪೆನ್ನು ಕೈಗೆತ್ತಿಕೊಳ್ಳಬೇಕಾದ ಸಂಗತಿಯೊಂದು ಆ ಭಾನುವಾರ ಬೆಳಿಗ್ಗೆ ನಡೆದುಹೋಯಿತು: ಹಳೆಯ ಕಾರಿನ ಎಡಗಡೆ ಹಿಂಬಾಗಿಲು ಒಂದೇ ಸಲ ದೂಡಿದ್ದಕ್ಕೆ ಮುಚ್ಚಿಕೊಂಡಿತು.

ಇಪ್ಪತ್ತೆಂಟು ವರ್ಷಗಳಿಂದ ಅದನ್ನೂ ಉಳಿದ ಮೂರನ್ನೂ ಮೊಣಕಾಲಿನಿಂದ ಎತ್ತಿ ಮುಚ್ಚುವುದು ಮನೆಯವರಿಗೆಲ್ಲ ಅಭ್ಯಾಸ. ಊರಿನ ಕಾರ್ಖಾನೆಯಿಂದ ಹೊರಬಿದ್ದ ಕಾರುಗಳೆಲ್ಲ ಹಾಗೆಯೇ. ಅಲ್ಲಿ ಬಾಡಿಯ ಚೌಕಟ್ಟು ಒಂದೊಂದಕ್ಕೆ ಒಂದೊಂದು ಥರ ಸೊಟ್ಟ. ಬಾಗಿಲಿನ ಸೆಕ್ಷನ್ನಿನ ಹದಿನಾಲ್ಕು ಜನ ಮರದ ಸುತ್ತಿಗೆಯಿಂದ ತಟ್ಟಿ ತಟ್ಟಿ, ಬಾಗಿಲನ್ನೂ ಅಷ್ಟೇ ಸೊಟ್ಟ ಮಾಡಿ ಕೂರಿಸುತ್ತಿದ್ದರು. ಒಂದು ಕಾರಿನ ಬಾಗಿಲು ಇನ್ನೊಂದಕ್ಕೆ ಹಿಡಿಸುತ್ತಿರಲಿಲ್ಲ. ಅದು ಅವರ ಹೆಮ್ಮೆ. ಕೊಳ್ಳುವವರು ಮಾತ್ರ, ದೂಡಿದರೆ ಮುಚ್ಚುವ ಬಾಗಿಲಿನ ಕಾರುಗಳ ಕಡೆಗೆ ಒಬ್ಬೊಬ್ಬರಾಗಿ ಜಾರಿಕೊಂಡರು. ಕಾರ್ಖಾನೆಗೆ ಬೀಗ ಬಿತ್ತು.

"ಅದು ಬಾಡಿ ದೋಷ, ಯಾರ ಅಪ್ಪನಿಂದಲೂ ಸರಿಹೋಗಲ್ಲ" ಎಂದು ಈ ಕಾರಿನ ಯಜಮಾನ, ಆ ಸೆಕ್ಷನ್ನಿನ ಹಿರಿಯ ಫಿಟ್ಟರ್, ಅಂದಿನಿಂದ ಹೇಳಿಕೊಂಡು ಬಂದಿದ್ದ. ಹಾಗೆ ಹೇಳಿಕೊಂಡೇ ನಿದ್ದೆ ಮಾಡುತ್ತಿದ್ದ.

"ಏನು ಮಾಡಿದ್ರಿ ಅಳಿಯಂದ್ರೆ?" ಎಂದು ಬಾಗಿಲ ಬಳಿ ಸ್ಪ್ಯಾನರ್ ಹಿಡಿದು ನಿಂತಿದ್ದ ಮಗಳ ಗಂಡನನ್ನು ಕೇಳಿದ.

"ಕೆಳಗಿನ ಕೀಲಿನ ಹಿಂದೆ ಒಂದು ವಾಷರ್ ಹಾಕಿದೆ ಮಾವ. ಅಷ್ಟೇ."

"ಒಂದೇ?"

"ಒಂದೇ."

"ನನ್ನ ಮೊಣಕಾಲು ಸವೆದಿದ್ದು ಒಂದು ವಾಷರಿಗಾ?" ಎಂದಳು ಫಿಟ್ಟರನ ಹೆಂಡತಿ.

ಫಿಟ್ಟರ್ ಒಳಗೆ ಹೋಗಿ, ಪ್ರತಿ ಕಾರನ್ನೂ ನೋಡಿ ಪಾಸು ಮಾಡುತ್ತಿದ್ದ ಹಳೆಯ ಇನ್‌ಸ್ಪೆಕ್ಟರನಿಗೆ ಫೋನು ಹಚ್ಚಿದ.

"ನಿಜ ಹೇಳು ಮಾರಾಯ. ವಾಷರ್ ಹಾಕಬಹುದು ಅಂತ ಆಗ ಯಾರಿಗೂ ಹೊಳೀಲಿಲ್ವಾ?"

ಆ ಕಡೆ ಚಹಾ ಹೀರುವ ಸದ್ದು. "ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷವೇ ಹೊಳೀತು. ಹೇಳಿದ್ರೆ ಬಾಗಿಲಿಗೆ ಇಬ್ಬರೇ ಸಾಕಾಗ್ತಿದ್ರು, ನಿಮ್ಮಲ್ಲಿ ಹನ್ನೆರಡು ಜನಕ್ಕೆ ಕೆಲಸ ಇರ್ತಿರಲಿಲ್ಲ. ಮಕ್ಕಳೊಂದಿಗರು. ಬಾಯಿ ಮುಚ್ಕೊಂಡೆ."

"ಆಮೇಲೆ ಎಂಟುನೂರು ಜನಕ್ಕೂ ಇರಲಿಲ್ಲವಲ್ಲಯ್ಯಾ!"

"ಹೌದು. ಆದ್ರೆ ಅದು ನಿಧಾನಕ್ಕಾಯ್ತು."

ಬೈಯಲು ಫಿಟ್ಟರ್ ಬಾಯಿ ತೆರೆದ. ಆ ನಿಧಾನದಲ್ಲೇ ತನ್ನ ಮಗಳ ಓದು ಮುಗಿದದ್ದು ನೆನಪಾಯಿತು. "ಆರೋಗ್ಯ ನೋಡ್ಕೋ" ಎಂದು ಫೋನಿಟ್ಟ.

ಹೊರಗೆ ಬಂದು ಬಾಗಿಲು ತೆರೆದ, ಮುಚ್ಚಿದ. ಮೊಣಕಾಲು ತಾನಾಗಿ ಮೇಲೆದ್ದಿತ್ತು. ಅಷ್ಟರಲ್ಲಿ ಬಾಗಿಲು ಮುಚ್ಚಿಯಾಗಿತ್ತು.

"ವಾಷರ್ ತೆಗೆದುಬಿಡ್ಲಾ ಮಾವ?" ಅಳಿಯ ಅಳುಕುತ್ತ ಕೇಳಿದ.

"ಬೇಡ. ಇನ್ನೂ ಮೂರು ವಾಷರ್ ಇದ್ಯಾ ನೋಡಿ. ನಾನೇ ಹಾಕ್ತೀನಿ."

ಮಧ್ಯಾಹ್ನದ ಊಟದ ಹೊತ್ತಿಗೆ ನಾಲ್ಕು ಬಾಗಿಲೂ ಮುಚ್ಚುತ್ತಿದ್ದವು.