ಸುರಂಗದ ಸಭೆಯಲ್ಲಿ ಆಡಿದ ಮಾತು

ಎರಡು ದೊಡ್ಡ ಸರೋವರಗಳು ಕೂಡುವ ಜಲಸಂಧಿಯ ತಳದಲ್ಲಿ ಹಳೆಯ ಎಣ್ಣೆ ಕೊಳವೆ ಮಲಗಿದೆ. ಅದರ ಬದಲು ತಳದ ಬಂಡೆ ಕೊರೆದು, ಸುರಂಗದೊಳಗೆ ಹೊಸ ಕೊಳವೆ ಹಾಕಬೇಕೋ ಬೇಡವೋ ಎಂದು ಜನರ ಮಾತು ಕೇಳಲು ಸೇಂಟ್ ಇಗ್ನಸ್ ಊರಿನ ಶಾಲೆಯ ಆಟದ ಹಾಲ್‌ನಲ್ಲಿ ಸರ್ಕಾರಿ ಅಧಿಕಾರಿಗಳು ಸಭೆ ಕರೆದಿದ್ದರು.

ವೆಸ್ಲಿ ಕೊಸ್ಕಿ ಕೊಳವೆ ಬೆಸೆಯುವ ವೆಲ್ಡರ್. ಕಾರ್ಮಿಕ ಸಂಘ ಹಂಚಿದ ಕಿತ್ತಳೆ ಅಂಗಿ ತೊಟ್ಟು ಜೊತೆಯವರ ನಡುವೆ ಕೂತಿದ್ದ. ಸುರಂಗ ಬಂದರೆ ಊರಲ್ಲೇ ಕೆಲಸ. ಬಾರದಿದ್ದರೆ ಮತ್ತೆ ದೂರದ ಡಕೋಟದ ಎಣ್ಣೆಬಾವಿಗಳ ಕಡೆ, ಹೆಂಡತಿಯ ಮುಖ ಫೋನಿನಲ್ಲಿ ಮಾತ್ರ.

ಆಂಬ್ರೋಸ್ ಕಿಶಿಗೋ ಸುರಂಗ ಬೇಡವೆನ್ನಲು ಮೈಕಿನ ಮುಂದೆ ಬಂದ. ಒಡಾವಾ ಎಂಬ ಮೂಲನಿವಾಸಿ ಕುಲದವನು, ಅಜ್ಜನ ಕಾಲದಿಂದ ಆ ನೀರಲ್ಲಿ ಬಲೆ ಬೀಸುವ ಮನೆತನ. ಚಿಕ್ಕಂದಿನಿಂದ ತೊದಲು. ಇದೇ ಶಾಲೆಯಲ್ಲಿ ಹುಡುಗರು ಅವನನ್ನು ಅಣಕಿಸಿದಾಗ ಮುಷ್ಟಿ ಬಿಗಿದು ಎದುರು ನಿಲ್ಲುತ್ತಿದ್ದವನು ಈ ವೆಸ್ಲಿಯೇ.

"ಈ ನೀ... ನೀ... ನೀ..." ಎಂದು ಆಂಬ್ರೋಸ್ ಸಿಕ್ಕಿಕೊಂಡ.

ವೆಸ್ಲಿ ಕೂತಲ್ಲಿಂದಲೇ ಅಂದ: "ಬೇಗ ಹೇಳೋ ಮಾರಾಯ. ನೀನು ಮುಗ್ಸೋಷ್ಟರಲ್ಲಿ ಸುರಂಗಾನೇ ಮುಗಿದಿರುತ್ತೆ."

ಹಾಲ್ ಗೊಳ್ಳೆಂದಿತು. ಸುರಂಗ ಬೇಡವೆಂದು 'ನೀರು ಉಳಿಸಿ' ಫಲಕ ಹಿಡಿದ ಹೆಂಗಸೂ ನಕ್ಕು, ಆಮೇಲೆ ಬಾಯಿ ಮುಚ್ಚಿಕೊಂಡಳು. ಆಂಬ್ರೋಸ್ ದನಿ ಬಂದ ಕಡೆ ಹುಡುಕಿ ನೋಡಿದ. ವೆಸ್ಲಿ ಕಣ್ಣಿಗೆ ಬಿದ್ದ. ಕೋಪ ಬರಲಿಲ್ಲ ಅವನಿಗೆ. ನಿಜವಾಗಿಯೂ ಇವನೇನಾ ಎಂಬಂತೆ ಒಂದು ಗಳಿಗೆ ನೋಡಿ, ಮೈಕ್ ಬಿಟ್ಟು ಹೊರಟುಹೋದ.

"ಒಂದೇ ಏಟಿಗೆ ಕೆಡವಿದೆ ಬಿಡು," ಎಂದು ಜೊತೆಯವರು ಬೆನ್ನು ತಟ್ಟಿದರು. ತಟ್ಟಿದಷ್ಟೂ ವೆಸ್ಲಿ ಕುಗ್ಗಿದ.

ಮನೆಗೆ ಬರುವಷ್ಟರಲ್ಲಿ ಸುದ್ದಿ ಮುಟ್ಟಿತ್ತು. "ಅಂದಿದ್ದು ನೀನೇನಾ?" ಎಂದು ಹೆಂಡತಿ ಮಾರ್ಲಿಸ್ ಕೇಳಿದಳು.

"ತಮಾಷೆಗೆ ಅಂದೆ."

"ಯಾರಿಗೆ ತಮಾಷೆ?" ಎಂದವಳು ಊಟದ ತಟ್ಟೆ ಇಟ್ಟು ಒಳಗೆ ಹೋದಳು.

ಮರುದಿನ ಅವನು ದೋಣಿಕಟ್ಟೆಗೆ ಹೋದ. ಆಂಬ್ರೋಸನ ಹೆಂಡತಿ ಡೆಲ್ಫೀನ್ ಮೀನು ಒಣಗಿಸುವ ಹೊಗೆಗೂಡಿನಲ್ಲಿ ಬಿಳಿಮೀನು ತೂಗುಹಾಕುತ್ತಿದ್ದಳು.

"ಮೀನು ಬೇಕಿತ್ತಾ?"

"ಅವನ ಹತ್ರ ಮಾತಾಡ್ಬೇಕಿತ್ತು."

"ಮಾತು ನಿನ್ನ ಹತ್ರ ಧಾರಾಳವಾಗೇ ಇದೆಯಲ್ಲ." ಅವಳು ತಿರುಗಿ ನೋಡಲಿಲ್ಲ. "ವಾರವೆಲ್ಲಾ ದೋಣೀಲಿ ನಿಂತು ಅಭ್ಯಾಸ ಮಾಡ್ದ. ನೀರಹಕ್ಕಿಗಳ ಮುಂದೆ ಒಂದ್ಸಲಾನೂ ತೊದಲಲಿಲ್ಲ."

ವೆಸ್ಲಿ ಬಂದ ದಾರಿಯಲ್ಲೇ ಹಿಂದಿರುಗಿದ.

ಮುಂದಿನ ಸಭೆ ಸೇತುವೆಯಾಚೆಯ ಊರಲ್ಲಿ. ಅಲ್ಲಿ ವೆಸ್ಲಿ ಮಾತಾಡಲು ತನ್ನ ಹೆಸರು ಬರೆಸಿದ. "ಹೋದ ಸಭೇಲಿ ಆಂಬ್ರೋಸ್ ಕಿಶಿಗೋನ ಆಡ್ಕೊಂಡು ನಗಿಸಿದೋನು ನಾನು. ಅವನು ತೊದಲ್ತಾನೆ ಅಂತ ಗೊತ್ತಿದ್ದೇ ಅಂದೆ. ಅದು ನೀಚತನ," ಎಂದ.

"ಸುರಂಗ ಬೇಕೋ ಬೇಡವೋ, ಅಷ್ಟು ಹೇಳಿ," ಎಂದರು ಅಧಿಕಾರಿ.

ವೆಸ್ಲಿ ಬೆವರಿದ. "ಬೇಕು," ಎಂದ. ಸುಳ್ಳು ಹೇಳಿ ಒಳ್ಳೆಯವನಾಗಲು ಮನಸ್ಸಾಗಲಿಲ್ಲ.

ಯಾವ ಕಡೆಯವರೂ ಚಪ್ಪಾಳೆ ತಟ್ಟಲಿಲ್ಲ. "ಕ್ಷಮೆ ಕೇಳ್ಕೊಂಡೇ ಕೊರೀತಾನಂತೆ," ಎಂದು ಹಿಂದಿನಿಂದ ಯಾರೋ ಅಂದರು. ಹಾಲ್ ನಕ್ಕಿತು. ಆ ನಗು ನಿಲ್ಲುವವರೆಗೂ ಅವನು ಕದಲದೆ ನಿಂತಿದ್ದ.

ಕೆಲವು ದಿನಗಳ ಮೇಲೆ ಪೆಟ್ರೋಲ್ ಪಂಪಿನಲ್ಲಿ ಆಂಬ್ರೋಸ್ ಸಿಕ್ಕಿದ. ದೋಣಿಯ ಡಬ್ಬಿಗಳಿಗೆ ಪೆಟ್ರೋಲ್ ತುಂಬಿಸುತ್ತಿದ್ದ.

"ಸೇತುವೆ ಆ ಕ... ಕಡೆ ನನ್ನ ವಿಷ್ಯ ಹೇಳ್ದೆಯಂತೆ."

"ಹೇಳ್ದೆ."

"ಸು... ಸುರಂಗಾನೂ ಬೇಕಂದ್ಯಂತೆ."

ವೆಸ್ಲಿ ಆ ಮಾತು ಪೂರ್ತಿ ಹೊರಬರುವ ತನಕ ಕಾದ. "ಹೌದು. ಬೇಕು."

"ಇ... ಇರ್ಲಿ. ಅದಕ್ಕೆ ಜಗಳ ಆಡೋಣ. ಆದ್ರೆ ನಾನಿನ್ನು ಮೈಕ್ ಮುಂದೆ ನಿ... ನಿಲ್ಲಲ್ಲ, ವೆಸ್. ಅದನ್ನ ನೀನು ವಾಪಸ್ ಕೊಡಕ್ಕಾಗಲ್ಲ."

ಡಬ್ಬಿಗಳು ಭಾರವಾಗಿದ್ದವು. ವೆಸ್ಲಿ ಒಂದನ್ನು ಎತ್ತಲು ಬಗ್ಗಿದ. ಆಂಬ್ರೋಸ್ ಬೇಡವೆಂದು ತಲೆಯಾಡಿಸಿ, ಎರಡನ್ನೂ ತಾನೇ ಹೊತ್ತು ಗಾಡಿಯ ಕಡೆ ನಡೆದ.